ಕಡೆಯ ಮೂರು ಅಧ್ಯಾಯಗಳಿಲ್ಲದ ಕಥೆ: 'ದಿ ಗೋಲ್ಡನ್ ಕಂಪಾಸ್' ಚಿತ್ರ ಎಲ್ಲಿ ಸೋತಿತು?

ಪ್ರಶ್ನೆ: ಫಿಲಿಪ್ ಪುಲ್‌ಮನ್ ಅವರ 'ನಾರ್ದರ್ನ್ ಲೈಟ್ಸ್' ಕಾದಂಬರಿಯನ್ನು ಓದಿ ಮುಗಿಸಿದ ಮೇಲೆ, ಅದನ್ನು ಆಧರಿಸಿ 2007ರಲ್ಲಿ ತೆರೆಕಂಡ 'ದಿ ಗೋಲ್ಡನ್ ಕಂಪಾಸ್' ಚಿತ್ರವನ್ನು ನೋಡಿದೆ. ಪಾತ್ರಗಳೆಲ್ಲ ಇದ್ದಾರೆ, ಮುಖ್ಯ ಘಟನೆಗಳೂ ಬಹುಪಾಲು ಇವೆ, ನಟರೂ ಸಮರ್ಥರು. ಆದರೂ ಚಿತ್ರ ಮುಗಿದಾಗ ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ. ಪುಸ್ತಕ ಓದಿದವರಿಗೆ ಯಾವ ಸಿನಿಮಾವೂ ಹಿಡಿಸುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವಾದ ಕೊರತೆ ಯಾವುದು? ಧರ್ಮದ ವಿಚಾರವನ್ನು ಮೊಟಕುಗೊಳಿಸಿದ್ದೇ, ಅಥವಾ ಎರಡು ಗಂಟೆಯೊಳಗೆ ಹಿಡಿಸಲು ಹೋದದ್ದೇ? ಹನ್ನೊಂದು ವರ್ಷದ ನನ್ನ ಮಗಳಿಗೆ ಯಾವುದನ್ನು ಮೊದಲು ಕೊಡಲಿ?

ಉತ್ತರ: ನಿಮ್ಮ ಅತೃಪ್ತಿಗೆ ಕಾರಣ ಚಿತ್ರದೊಳಗೇ ಇದೆ. ಅದನ್ನು ವಿವರಿಸಬೇಕಾದರೆ ಕಾದಂಬರಿಯ ಕೊನೆಯನ್ನು ಪೂರ್ತಿಯಾಗಿ ಬಿಚ್ಚಿ ಹೇಳಬೇಕಾಗುತ್ತದೆ. ಆದ್ದರಿಂದ ಕಾದಂಬರಿಯನ್ನು ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಅದನ್ನು ಓದಿ ಬಂದ ಮೇಲೆ ಮುಂದುವರಿಯಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಮೂರು ಸಂಪುಟಗಳ ಸರಣಿಯಲ್ಲಿ ಮೊದಲನೆಯದಾದ, 1995ರಲ್ಲಿ ಪ್ರಕಟವಾಗಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ಅದೇ ವರ್ಷದ ಕಾರ್ನೆಗಿ ಪದಕ ಪಡೆದ ಈ ಕಾದಂಬರಿಯ ಕಥೆ ಎರಡು ಆಧಾರಗಳ ಮೇಲೆ ನಿಂತಿದೆ. ಒಂದು, ಲೈರಾ ಎಂಬ ಹುಡುಗಿ ತಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಮಾಡುತ್ತಾ ಹೋಗುವುದು. ಇನ್ನೊಂದು, ಹಾಗೆ ತಿಳಿಯದೆ ಮಾಡಿದ್ದಕ್ಕೆ ಅವಳು ಕೊನೆಯಲ್ಲಿ ತೆರುವ ಬೆಲೆ. ಕ್ರಿಸ್ ವೈಟ್ಜ್ ನಿರ್ದೇಶಿಸಿದ ಚಿತ್ರವು ಮೊದಲನೆಯದನ್ನು ಆರಂಭದ ಒಂದೆರಡು ನಿಮಿಷಗಳಲ್ಲೇ ಕಳೆದುಕೊಳ್ಳುತ್ತದೆ, ಎರಡನೆಯದನ್ನು ಮುಕ್ತಾಯದಲ್ಲಿ ಕತ್ತರಿಸಿ ಹಾಕುತ್ತದೆ. ಉಳಿದ ಕೊರತೆಗಳು ಬಹುಮಟ್ಟಿಗೆ ಇವೆರಡರಿಂದಲೇ ಹುಟ್ಟಿದವು ಎಂಬುದು ನನ್ನ ನಿಲುವು.

ಮೊದಲಿಗೆ ನಿಮ್ಮ ಸ್ನೇಹಿತರ ಮಾತನ್ನು ತೆಗೆದುಕೊಳ್ಳೋಣ. ಮೂಲವನ್ನು ಬದಲಾಯಿಸುವುದೇ ತಪ್ಪೆಂದು ಹೇಳುವ ಹಕ್ಕು ಕನ್ನಡದ ಓದುಗರಿಗಂತೂ ಇಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ ಪಂಪನನ್ನು ನಾವು ವ್ಯಾಸರಿಗೆ ದ್ರೋಹ ಬಗೆದವನೆಂದು ಓದುವುದಿಲ್ಲ. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಅಡ್ಡಿಯಾಗುವ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ರಸಕ್ಕೆ ಹೊಂದುವಂತೆ ಬೇರೆ ಕಲ್ಪಿಸಬೇಕೆಂದು ಆನಂದವರ್ಧನನೇ 'ಧ್ವನ್ಯಾಲೋಕ'ದಲ್ಲಿ ಹೇಳಿದ್ದಾನೆ. ಹಾಗಾಗಿ ಬದಲಾವಣೆಗಳನ್ನು ಎಣಿಸಿ ಚಿತ್ರವನ್ನು ಅಳೆಯುವುದರಿಂದ ಪ್ರಯೋಜನವಿಲ್ಲ. ಪ್ರತಿಯೊಂದು ಬದಲಾವಣೆಯು ಕಥೆಯ ಯಾವ ಭಾವವನ್ನು ಬೆಳೆಸಿತು, ಯಾವುದನ್ನು ಒಣಗಿಸಿತು ಎಂದು ನೋಡಬೇಕು. ಈ ಚಿತ್ರದಲ್ಲಿ ಮುಖ್ಯ ಬದಲಾವಣೆಗಳೆಲ್ಲವೂ ಒಂದೇ ದಿಕ್ಕಿನಲ್ಲಿ ಸಾಗಿವೆ: ನೋಡುಗರನ್ನು ಗೊಂದಲದಿಂದ, ನೋವಿನಿಂದ, ಅನುಮಾನದಿಂದ ಕಾಪಾಡುವ ದಿಕ್ಕಿನಲ್ಲಿ. ಆ ಕಾಳಜಿಯೇ ಕಥೆಯ ಜೀವ ತೆಗೆಯಿತು.

ಕೊನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ದೊಡ್ಡ ನಷ್ಟವಾದದ್ದು ಅಲ್ಲಿ. ಕಾದಂಬರಿಯಲ್ಲಿ 23 ಅಧ್ಯಾಯಗಳಿವೆ. ಅವು ಆಕ್ಸ್‌ಫರ್ಡ್, ಬೋಲ್ವಾಂಗರ್, ಸ್ವಾಲ್‌ಬಾರ್ಡ್ ಎಂಬ ಸ್ಥಳಗಳ ಹೆಸರಿನ ಮೂರು ಭಾಗಗಳಾಗಿ ಹಂಚಿಕೊಂಡಿವೆ. ಜೋರ್ಡನ್ ಕಾಲೇಜಿನ ಅಡುಗೆಮನೆಯ ಹುಡುಗ, ತನ್ನ ಗೆಳೆಯ ರೋಜರ್ ಅಪಹರಣಕ್ಕೊಳಗಾದನೆಂದು ಲೈರಾ ಉತ್ತರ ಧ್ರುವದ ಕಡೆಗೆ ಹೊರಡುತ್ತಾಳೆ. ಬೋಲ್ವಾಂಗರ್‌ನ ಪ್ರಯೋಗಾಲಯದಿಂದ ಅವನನ್ನು ಬಿಡಿಸುತ್ತಾಳೆ. ಆಮೇಲೆ ಸ್ವಾಲ್‌ಬಾರ್ಡ್‌ನಲ್ಲಿ ಬಂಧನದಲ್ಲಿರುವ ತಂದೆ ಲಾರ್ಡ್ ಆಸ್ರಿಯೆಲ್‌ಗೆ ಸತ್ಯ ಹೇಳುವ ಯಂತ್ರವಾದ ಅಲೀಥಿಯೋಮೀಟರನ್ನು ತಲುಪಿಸಬೇಕೆಂದು, ರೋಜರ್‌ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾಳೆ. ಬಾಗಿಲಲ್ಲಿ ಮಗಳನ್ನು ಕಂಡ ಆಸ್ರಿಯೆಲ್ ಭಯದಿಂದ ಹಿಮ್ಮೆಟ್ಟುತ್ತಾನೆ. ಅವಳ ಹಿಂದೆ ಇನ್ನೊಬ್ಬ ಹುಡುಗನಿದ್ದಾನೆಂದು ಕಂಡಾಗ ಸಮಾಧಾನಗೊಳ್ಳುತ್ತಾನೆ. ಏಕೆಂದು ಆ ಹೊತ್ತಿಗೆ ಲೈರಾಗೆ ತಿಳಿಯುವುದಿಲ್ಲ, ಓದುಗರಿಗೂ ತಿಳಿಯುವುದಿಲ್ಲ. ಬೇರೊಂದು ಲೋಕಕ್ಕೆ ದಾರಿ ತೆರೆಯಲು ಆಸ್ರಿಯೆಲ್‌ಗೆ ಬೇಕಿದ್ದದ್ದು ಯಂತ್ರವಲ್ಲ, ಒಂದು ಮಗು. ಮಗುವನ್ನು ಅದರ ಆತ್ಮರೂಪದ ಪ್ರಾಣಿಯಾದ ಡೀಮನ್‌ನಿಂದ ಬೇರ್ಪಡಿಸಿದಾಗ ಬಿಡುಗಡೆಯಾಗುವ ಅಪಾರ ಶಕ್ತಿಯೇ ಆ ದಾರಿಯನ್ನು ತೆರೆಯಬಲ್ಲದು. ರೋಜರ್ ಸಾಯುತ್ತಾನೆ. ಅವನನ್ನು ಅಲ್ಲಿಗೆ ಕರೆತಂದವಳು ಲೈರಾ.

ಇದು ಕಥೆಗೆ ಹೊರಗಿನಿಂದ ಅಂಟಿಸಿದ ಆಘಾತವಲ್ಲ ಎಂಬುದನ್ನು ಗಮನಿಸಿ. ಕಾದಂಬರಿಯ ಆರಂಭದಲ್ಲೇ ಕಾಲೇಜಿನ ಮುಖ್ಯಸ್ಥರು ಗ್ರಂಥಪಾಲಕರೊಡನೆ ಮಾತನಾಡುತ್ತಾ, ಈ ಹುಡುಗಿ ಒಂದು ದೊಡ್ಡ ದ್ರೋಹಕ್ಕೆ ಕಾರಣಳಾಗುವಳೆಂದೂ, ಅದು ಅವಳಿಗೆ ಭಯಂಕರ ಅನುಭವವಾಗುವುದೆಂದೂ, ಅದನ್ನು ಅವಳು ಮುಂಚೆ ತಿಳಿಯಕೂಡದೆಂದೂ ಸೂಚಿಸುತ್ತಾರೆ. ಓದುಗರು ಆ ಮಾತನ್ನು ಹೊತ್ತುಕೊಂಡೇ ನೂರಾರು ಪುಟ ದಾಟುತ್ತಾರೆ. ನಡುನಡುವೆ ಇದೇ ಇರಬಹುದೇ ದ್ರೋಹ, ಅದೇ ಇರಬಹುದೇ ಎಂದು ಶಂಕಿಸುತ್ತಾರೆ. 22ನೆಯ ಅಧ್ಯಾಯದ ಶೀರ್ಷಿಕೆಯೇ 'ದ್ರೋಹ'. ಪ್ರೀತಿಯಿಂದ ಮಾಡಿದ ಕೆಲಸವೇ ದ್ರೋಹವಾಗಿ ತಿರುಗುವುದು ಈ ಕೃತಿಯ ತಿರುಳು. ಆ ಮೇಲಿನ ಎರಡು ಸಂಪುಟಗಳಿಗೂ ಚಾಲನೆ ಇಲ್ಲಿಂದಲೇ ದೊರೆಯುತ್ತದೆ: 2000ದಲ್ಲಿ ಬಂದ ಮೂರನೆಯ ಸಂಪುಟದಲ್ಲಿ ಲೈರಾ ಸತ್ತವರ ಲೋಕಕ್ಕೆ ಇಳಿಯುವುದು ರೋಜರ್‌ನನ್ನು ಕಂಡು ಕ್ಷಮೆ ಕೇಳುವ ಸಲುವಾಗಿ.

ಚಿತ್ರವು ಈ ಕೊನೆಯ ಮೂರು ಅಧ್ಯಾಯಗಳನ್ನು ಕೈಬಿಟ್ಟಿದೆ. ಅವುಗಳ ದೃಶ್ಯಗಳನ್ನು ಚಿತ್ರೀಕರಿಸಲಾಗಿತ್ತು. ಬಿಡುಗಡೆಗೆ ಮುನ್ನ ತೆಗೆದು, ಎರಡನೆಯ ಚಿತ್ರದ ಆರಂಭಕ್ಕೆ ಬಳಸುವುದೆಂದು ನಿರ್ಧರಿಸಲಾಯಿತು. ಹೀಗಾಗಿ ತೆರೆಯ ಮೇಲಿನ ಕಥೆಯು ಲೈರಾ ಮತ್ತು ರೋಜರ್ ಆಕಾಶಮಾರ್ಗದಲ್ಲಿ ಆಸ್ರಿಯೆಲ್‌ನತ್ತ ಹೊರಟಿರುವಲ್ಲಿ, ಎಲ್ಲವೂ ಸರಿಹೋಗಲಿದೆ ಎಂಬ ಭರವಸೆಯ ಮಾತಿನೊಂದಿಗೆ ನಿಲ್ಲುತ್ತದೆ. ಕಾದಂಬರಿಯನ್ನು ಓದಿದವರಿಗೆ ಆ ಭರವಸೆ ಸುಳ್ಳೆಂದು ಗೊತ್ತು. ಓದದವರಿಗೆ ಅದು ಸಾಧಾರಣವಾದ ಒಂದು ಸುಖಾಂತ್ಯ. ನೀವು ಮನಸ್ಸಿನಲ್ಲಿ ಏನೂ ಉಳಿಯಲಿಲ್ಲ ಎಂದಿರಿ. ಉಳಿಯಬೇಕಾದದ್ದನ್ನು ತೋರಿಸಿಯೇ ಇಲ್ಲ.

ಇಲ್ಲಿ ಒಂದು ಹೋಲಿಕೆಯನ್ನು ಮುಂದಿಡಬಯಸುತ್ತೇನೆ. ಈ ಚಿತ್ರವನ್ನು ನಿರ್ಮಿಸಿದ ನ್ಯೂ ಲೈನ್ ಸಂಸ್ಥೆಯೇ 2001ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಮೊದಲ ಚಿತ್ರವನ್ನು ತೆರೆಗೆ ತಂದಿತ್ತು. ಟೋಲ್ಕಿನ್ ಅವರ ಕೃತಿಯಲ್ಲಿ ಉಂಗುರದ ಆಸೆಗೆ ಬೀಳುವ ಯೋಧ ಬೊರೊಮಿರ್‌ನ ಸಾವು ಬರುವುದು ಎರಡನೆಯ ಸಂಪುಟದ ಮೊದಲ ಅಧ್ಯಾಯದಲ್ಲಿ. ನಿರ್ದೇಶಕ ಪೀಟರ್ ಜಾಕ್ಸನ್ ಅದನ್ನು ಹಿಂದಕ್ಕೆ ತಂದು ಮೊದಲ ಚಿತ್ರದ ಕೊನೆಯಲ್ಲಿಟ್ಟರು, ಏಕೆಂದರೆ ಕಥೆ ಇನ್ನೂ ಮುಗಿಯದಿದ್ದರೂ ಅದರ ಮೊದಲ ಮೂರನೆಯ ಒಂದು ಭಾಗಕ್ಕೆ ತನ್ನದೇ ಆದ ತೂಕ ಬೇಕಿತ್ತು. ಪ್ರಲೋಭನೆಗೆ ಸೋತವನೊಬ್ಬನು ಪ್ರಾಣ ಕೊಟ್ಟು ಅದನ್ನು ತೊಳೆದುಕೊಂಡಾಗ ಆ ಚಿತ್ರ ಪೂರ್ಣವೆನಿಸುತ್ತದೆ. ಟಾಮ್ ಬೊಂಬಡಿಲ್‌ನಂತಹ ಪಾತ್ರವನ್ನೇ ಅವರು ಬಿಟ್ಟದ್ದನ್ನು ನೋಡುಗರು ಸಹಿಸಿದ್ದು ಇಂತಹ ನಿರ್ಧಾರಗಳಿಂದಾಗಿಯೇ. ಆರು ವರ್ಷಗಳ ನಂತರ ಅದೇ ಸಂಸ್ಥೆ ಇದರ ತದ್ವಿರುದ್ಧವಾದುದನ್ನು ಮಾಡಿತು: ಮೊದಲ ಸಂಪುಟದ ಕೊನೆಯಲ್ಲಿದ್ದ ಸಾವನ್ನು ಇನ್ನೂ ಹುಟ್ಟದ ಎರಡನೆಯ ಚಿತ್ರಕ್ಕೆ ಮುಂದೂಡಿತು. ಆ ಎರಡನೆಯ ಚಿತ್ರ ಬರಲೇ ಇಲ್ಲ. ಸುಮಾರು 18 ಕೋಟಿ ಡಾಲರ್ ವೆಚ್ಚದ ಈ ಚಿತ್ರವು ಉತ್ತರ ಅಮೆರಿಕದಲ್ಲಿ ಸುಮಾರು 7 ಕೋಟಿ ಡಾಲರನ್ನಷ್ಟೇ ಗಳಿಸಿತು. ಜಗತ್ತಿನಾದ್ಯಂತದ ಗಳಿಕೆ 37 ಕೋಟಿಯನ್ನು ದಾಟಿದರೂ, ವಿದೇಶಿ ಪ್ರದರ್ಶನದ ಹಕ್ಕುಗಳನ್ನು ಮುಂಚಿತವಾಗಿಯೇ ಮಾರಿಬಿಟ್ಟಿದ್ದರಿಂದ ಅದರ ಹೆಚ್ಚಿನ ಲಾಭ ಸಂಸ್ಥೆಗೆ ದಕ್ಕಲಿಲ್ಲ. 2008ರಲ್ಲಿ ನ್ಯೂ ಲೈನ್ ತನ್ನ ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡು ವಾರ್ನರ್ ಬ್ರದರ್ಸ್‌ನೊಳಗೆ ಸೇರಿಹೋಯಿತು. ಸರಣಿಯ ಮುಂದಿನ ಭಾಗವನ್ನು ನಂಬಿ ಈ ಭಾಗವನ್ನು ಅಪೂರ್ಣವಾಗಿ ಬಿಡುವುದು ಎಂತಹ ಸಾಹಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತಿಳಿದಿಲ್ಲ.

ಕೊನೆಯನ್ನು ತೆಗೆದ ಮೇಲೆ ನಡುವಿನ ಭಾಗವೂ ತನ್ನ ಅರ್ಥ ಕಳೆದುಕೊಂಡಿತು. ಕಾದಂಬರಿಯಲ್ಲಿ ಬೋಲ್ವಾಂಗರ್‌ನ ಬಿಡುಗಡೆ ಮೊದಲು, ಸ್ವಾಲ್‌ಬಾರ್ಡ್‌ನ ಕರಡಿಗಳ ಕಾಳಗ ಆನಂತರ. ಚಿತ್ರದಲ್ಲಿ ಕ್ರಮ ತಿರುಗಿದೆ: ಕರಡಿಗಳ ಕಾಳಗ ಮೊದಲು ನಡೆದು, ಬೋಲ್ವಾಂಗರ್‌ನ ಯುದ್ಧವೇ ಪರಾಕಾಷ್ಠೆಯಾಗುತ್ತದೆ. ಮಕ್ಕಳನ್ನು ಹಿಂಸಿಸುವ ಕೇಂದ್ರವೊಂದನ್ನು ಒಡೆದು ಹಾಕುವುದು ನೋಡಲು ಸೊಗಸಾದ ಮುಕ್ತಾಯ, ಅದರಲ್ಲಿ ಸರಿ ಯಾವುದು ತಪ್ಪು ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಪುಲ್‌ಮನ್ ಅದನ್ನು ನಡುವಿನಲ್ಲಿಟ್ಟದ್ದು ಈ ಕಾರಣಕ್ಕಾಗಿಯೇ. ಸುಲಭದ ಗೆಲುವು ಮೊದಲು ಬಂದು, ಆಮೇಲೆ ದಾರಿ ಕ್ರಮೇಣ ಮಸುಕಾಗಬೇಕು. ಸ್ವಾಲ್‌ಬಾರ್ಡ್‌ನಲ್ಲಿ ಲೈರಾ ಕರಡಿಗಳ ರಾಜನಿಗೆ ಸುಳ್ಳು ಹೇಳುತ್ತಾಳೆ. ತಾನು ಅವನ ಎದುರಾಳಿಯೂ ತನ್ನ ಗೆಳೆಯನೂ ಆದ ಕರಡಿ ಐಯೊರೆಕ್‌ನ ಡೀಮನ್ ಎಂದು ನಂಬಿಸಿ ಅವನನ್ನು ಕಾಳಗಕ್ಕೆ ಇಳಿಸುತ್ತಾಳೆ. ಮನುಷ್ಯನಾಗಬೇಕೆಂಬ, ತನಗೂ ಒಂದು ಡೀಮನ್ ಬೇಕೆಂಬ ಆ ರಾಜನ ಹಂಬಲವು, ಡೀಮನ್ ಕಳೆದುಕೊಂಡ ಮಕ್ಕಳನ್ನೂ ಅವರನ್ನು ಸೀಳುವ ಯಂತ್ರವನ್ನೂ ಕಂಡುಬಂದ ಓದುಗರಿಗೆ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಲೈರಾಳ ವಂಚನೆಯ ಜಾಣ್ಮೆ ಇಲ್ಲಿ ತುತ್ತತುದಿಗೇರುತ್ತದೆ, ಐಯೊರೆಕ್ ಅವಳಿಗೆ ಬಿರುದಿನಂತಹ ಹೊಸ ಹೆಸರನ್ನೇ ಕೊಡುತ್ತಾನೆ. ಅದಾದ ತಕ್ಷಣ ಅವಳು ತನಗಿಂತಲೂ ದೊಡ್ಡ ವಂಚಕನಾದ ತಂದೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಎಲ್ಲರನ್ನೂ ಮಾತಿನಿಂದ ಗೆದ್ದವಳಿಗೆ ತನ್ನವರ ಮೌನವನ್ನು ಓದಲಾಗಲಿಲ್ಲ. ಈ ಎರಡು ಪ್ರಸಂಗಗಳು ಅಕ್ಕಪಕ್ಕದಲ್ಲಿರಬೇಕಾದದ್ದು ಅದಕ್ಕಾಗಿ. ಅವುಗಳನ್ನು ದೂರಮಾಡಿದ ಚಿತ್ರದಲ್ಲಿ ಕರಡಿಗಳ ಕಾಳಗವು ನಡುವೆ ಬಂದುಹೋಗುವ ರೋಚಕ ದೃಶ್ಯವಷ್ಟೇ.

ಇನ್ನು ಆರಂಭಕ್ಕೆ ಬರೋಣ. ಕಾದಂಬರಿ ತೆರೆದುಕೊಳ್ಳುವಾಗ ಲೈರಾ ಮತ್ತು ಅವಳ ಡೀಮನ್ ಪ್ಯಾಂಟಲೈಮನ್ ಕತ್ತಲಾಗುತ್ತಿರುವ ಭೋಜನಶಾಲೆಯಲ್ಲಿ ಕದ್ದು ನಡೆಯುತ್ತಿದ್ದಾರೆ. ಡೀಮನ್ ಎಂದರೇನೆಂದು ಯಾರೂ ಹೇಳುವುದಿಲ್ಲ. ಅದು ರೂಪ ಬದಲಿಸುತ್ತದೆ, ಅವಳೊಡನೆ ವಾದಿಸುತ್ತದೆ, ಸೇವಕರ ಡೀಮನ್‌ಗಳು ಬಹುಮಟ್ಟಿಗೆ ನಾಯಿಗಳು, ದೊಡ್ಡವರ ಡೀಮನ್‌ಗಳು ರೂಪ ಬದಲಿಸುವುದಿಲ್ಲ. ಇದೆಲ್ಲವನ್ನೂ ನಾವು ಒಂದೊಂದಾಗಿ ಕಂಡುಕೊಳ್ಳುತ್ತೇವೆ. 'ಡಸ್ಟ್' ಎಂಬ ನಿಗೂಢ ಕಣಗಳ ಹೆಸರನ್ನು ಲೈರಾ ಬೀರುವಿನೊಳಗೆ ಅಡಗಿ ಕುಳಿತು ಕದ್ದು ಕೇಳುತ್ತಾಳೆ. ಅವಳಿಗೆ ತಿಳಿದಷ್ಟೇ ನಮಗೂ ತಿಳಿಯುತ್ತದೆ. ಚಿತ್ರವಾದರೋ ಮಾಟಗಾತಿ ಸೆರಾಫಿನಾ ಪೆಕ್ಕಾಲಾಳ ಧ್ವನಿಯಲ್ಲಿ ಒಂದು ಉಪನ್ಯಾಸದಿಂದ ಆರಂಭವಾಗುತ್ತದೆ. ಸಮಾನಾಂತರ ಲೋಕಗಳಿವೆ, ಈ ಲೋಕದಲ್ಲಿ ಆತ್ಮವು ದೇಹದ ಹೊರಗೆ ಪ್ರಾಣಿಯಾಗಿ ಜೊತೆಯಲ್ಲಿ ನಡೆಯುತ್ತದೆ, ಡಸ್ಟ್ ಎಂಬುದು ಇವೆಲ್ಲವನ್ನೂ ಬೆಸೆಯುತ್ತದೆ, ಅಲೀಥಿಯೋಮೀಟರ್ ಸತ್ಯವನ್ನು ತಿಳಿಸುತ್ತದೆ ಎಂದು ಎಲ್ಲವನ್ನೂ ಮೊದಲೇ ಒಪ್ಪಿಸಲಾಗುತ್ತದೆ. ಸಮಾನಾಂತರ ಲೋಕಗಳಿವೆ ಎಂಬುದು ಕಾದಂಬರಿಯ ಕೊನೆಯ ಪುಟದಲ್ಲಿ ಲೈರಾ ಆಕಾಶದ ಸೇತುವೆಯನ್ನೇರುವಾಗ ಪೂರ್ಣಗೊಳ್ಳುವ ಅಚ್ಚರಿ. ಇಡೀ ಕಥೆ ನಡೆದು ತಲುಪುವ ಜಾಗವನ್ನು ಮೊದಲ ವಾಕ್ಯದಲ್ಲೇ ಕೊಟ್ಟುಬಿಟ್ಟರೆ ನಡೆಯುವುದೇಕೆ?

ಅಪರಿಚಿತ ಲೋಕವನ್ನು ನೋಡುಗರಿಗೆ ಅರ್ಥಮಾಡಿಸುವ ಹೊಣೆ ನಿರ್ಮಾಪಕರಿಗಿತ್ತು, ನಿಜ. ಆದರೆ ಆ ಹೊಣೆಯನ್ನು ವಿವರಣೆಯಿಂದ ತೀರಿಸುವುದು ಸಿನಿಮಾಕ್ಕೆ ಒಗ್ಗದ ಮಾರ್ಗ. ಹುಡುಗಿಯೊಬ್ಬಳ ಭುಜದ ಮೇಲಿನ ಪ್ರಾಣಿಯು ಹೆದರಿಕೆಯಾದಾಗ ಪತಂಗವಾಗಿ, ಸಿಟ್ಟು ಬಂದಾಗ ಕಾಡುಬೆಕ್ಕಾಗಿ ಬದಲಾಗುವುದನ್ನು ಎರಡು ಸಲ ಕಂಡ ಮಗುವಿಗೂ ಡೀಮನ್ ಎಂದರೇನೆಂದು ಗೊತ್ತಾಗಿಬಿಡುತ್ತದೆ. ಓದುಗರು ಪದಗಳಿಂದ ಕಟ್ಟಿಕೊಳ್ಳಬೇಕಾದುದನ್ನು ಕಣ್ಣೆದುರಿಗೇ ಇಡಬಲ್ಲ ಮಾಧ್ಯಮವು ಕಣ್ಣಿನ ಮೇಲೆ ನಂಬಿಕೆಯಿಲ್ಲದೆ ಕಿವಿಗೆ ಹೇಳಲು ಹೊರಟಿತು.

ಇದೇ ಆರಂಭದ ಪ್ರಸಂಗದಲ್ಲಿ ಇನ್ನೊಂದು ಬದಲಾವಣೆಯಿದೆ. ಚಿಕ್ಕದಾಗಿ ಕಂಡರೂ ನನ್ನ ದೃಷ್ಟಿಯಲ್ಲಿ ಅದು ಚಿತ್ರದ ಇಡೀ ಮನೋಧರ್ಮವನ್ನು ಬಯಲುಮಾಡುತ್ತದೆ. ಕಾದಂಬರಿಯಲ್ಲಿ ಆಸ್ರಿಯೆಲ್‌ನ ಮದ್ಯಕ್ಕೆ ವಿಷ ಬೆರೆಸುವವರು ಕಾಲೇಜಿನ ಮುಖ್ಯಸ್ಥರೇ. ಲೈರಾಳನ್ನು ಸಾಕಿದವರು, ಅವಳಿಗೆ ಅಲೀಥಿಯೋಮೀಟರನ್ನು ಗುಟ್ಟಾಗಿ ಕೊಟ್ಟು ಕಳುಹಿಸುವವರೂ ಅವರೇ. ಒಳ್ಳೆಯ ಮನುಷ್ಯನೊಬ್ಬನು ಕೊಲೆಗೆ ಕೈಹಾಕುವುದನ್ನು ಲೈರಾ ಕಣ್ಣಾರೆ ಕಾಣುತ್ತಾಳೆ, ಅದರ ಕಾರಣ ಅವಳಿಗೆ ಅರ್ಥವಾಗುವುದಿಲ್ಲ. ದೊಡ್ಡವರ ಲೋಕ ಎಂದರೆ ಇದು ಎಂದು ಮೊದಲ ಅಧ್ಯಾಯದಲ್ಲೇ ಅವಳ ಮುಂದೆ ಇಡಲಾಗುತ್ತದೆ. ಚಿತ್ರದಲ್ಲಿ ವಿಷ ಬೆರೆಸುವವನು ಮ್ಯಾಜಿಸ್ಟೀರಿಯಂ ಎಂಬ ದುಷ್ಟ ಸಂಸ್ಥೆಯಿಂದ ಬಂದ ಫ್ರಾ ಪಾವೆಲ್. ಕೆಟ್ಟವನು ಕೆಟ್ಟ ಕೆಲಸ ಮಾಡಿದ, ಅಲ್ಲಿಗೆ ಮುಗಿಯಿತು. ಮುಖ್ಯಸ್ಥರು ಬರೀ ಒಳ್ಳೆಯವರಾಗಿ, ಪಾತ್ರವೇ ಅಲ್ಲದಂತಾಗಿ ಉಳಿಯುತ್ತಾರೆ. ಮೊದಲ ದೃಶ್ಯದಲ್ಲಿ ಇಷ್ಟನ್ನು ಸಹಿಸಲಾಗದ ಚಿತ್ರಕ್ಕೆ, ಕೊನೆಯ ದೃಶ್ಯದಲ್ಲಿ ಮಗುವನ್ನು ಬಲಿಕೊಡುವ ವೀರ ತಂದೆಯನ್ನು ತೋರಿಸುವ ಧೈರ್ಯ ಬಂದೀತಾದರೂ ಹೇಗೆ?

ಅಲೀಥಿಯೋಮೀಟರಿನ ಚಿತ್ರಣದಲ್ಲಿಯೂ ಇದೇ ಅವಸರವಿದೆ. ಅದರ ಮುಖದ ಮೇಲೆ 36 ಸಂಕೇತಗಳಿವೆ, ಒಂದೊಂದಕ್ಕೂ ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಅರ್ಥಗಳಿವೆ. ಮೂರು ಮುಳ್ಳುಗಳನ್ನು ತಿರುಗಿಸಿ ಪ್ರಶ್ನೆ ಕೇಳಬೇಕು, ನಾಲ್ಕನೆಯದು ತಾನಾಗಿ ಚಲಿಸಿ ಉತ್ತರ ಕೊಡುತ್ತದೆ. ಲೈರಾ ಅದನ್ನು ಓದಲು ಕಲಿಯುವುದು ಮನಸ್ಸನ್ನು ಒಂದು ವಿಶೇಷ ಸ್ಥಿತಿಯಲ್ಲಿ ನಿಲ್ಲಿಸುವ ಅಭ್ಯಾಸದಿಂದ. ಹಾಗೆ ಓದಿದ ಉತ್ತರ ನಿಜವಾಗಿದ್ದರೂ ಅದನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವ ಸಾಧ್ಯತೆ ಸದಾ ಇರುತ್ತದೆ. ತಂದೆಗೆ ಬೇಕಾದದ್ದನ್ನು ತಾನು ಒಯ್ಯುತ್ತಿದ್ದೇನೆ ಎಂಬುದು ನಿಜವೇ, ಆದರೆ ಆ ವಸ್ತು ಯಾವುದೆಂದು ಅವಳು ತಪ್ಪು ತಿಳಿದಳು. ಚಿತ್ರದಲ್ಲಿ ಯಂತ್ರವನ್ನು ನೋಡುತ್ತಿದ್ದಂತೆ ಹೊಂಬಣ್ಣದ ಧೂಳು ಸುಳಿಸುಳಿಯಾಗಿ ಎದ್ದು, ಉತ್ತರವು ದೃಶ್ಯವಾಗಿ ಮೂಡುತ್ತದೆ. ಕಣ್ಣಿಗೆ ಹಿತವಾಗಿದೆ, ಆದರೆ ವ್ಯಾಖ್ಯಾನಿಸುವ ಕೆಲಸವೇ ಉಳಿಯಲಿಲ್ಲ, ತಪ್ಪುವ ಭಯವೂ ಉಳಿಯಲಿಲ್ಲ.

ನನ್ನನ್ನು ಅತ್ಯಂತ ನೋಯಿಸುವ ಬದಲಾವಣೆ ಟೋನಿ ಮಕಾರಿಯೋಸ್‌ನದು. ಕಾದಂಬರಿಯ ನಡುಭಾಗದಲ್ಲಿ ಲೈರಾ ಐಯೊರೆಕ್‌ನ ಬೆನ್ನೇರಿ ಹಿಮದ ನಡುವಿನ ಹಳ್ಳಿಯೊಂದಕ್ಕೆ ಹೋಗುತ್ತಾಳೆ. ಅಲ್ಲಿ ಒಣಮೀನು ಇಡುವ ಗುಡಿಸಿಲಿನಲ್ಲಿ, ಡೀಮನ್‌ನಿಂದ ಕತ್ತರಿಸಲ್ಪಟ್ಟ ಪುಟ್ಟ ಹುಡುಗನೊಬ್ಬ ಒಣಮೀನಿನ ತುಂಡನ್ನು ತನ್ನ ಡೀಮನ್ ಎಂಬಂತೆ ಎದೆಗವಚಿಕೊಂಡು ಕುಳಿತಿದ್ದಾನೆ. ಮುಖವಿಲ್ಲದ ಮನುಷ್ಯನನ್ನು ಕಂಡಂತೆ ದೊಡ್ಡವರೂ ಅವನಿಂದ ಹಿಂದೆ ಸರಿಯುತ್ತಾರೆ. ಲೈರಾಳಿಗೂ ಓಕರಿಕೆ ಬರುತ್ತದೆ, ಆದರೂ ಅವನನ್ನು ಕರೆತರುತ್ತಾಳೆ. ರಾತ್ರಿ ಕಳೆಯುವುದರೊಳಗೆ ಅವನು ಸಾಯುತ್ತಾನೆ. ಅವನ ಕೈಯಲ್ಲಿದ್ದ ಮೀನನ್ನು ಯಾರೋ ಕಿತ್ತು ಹಾಕಿದ್ದಾರೆಂದು ತಿಳಿದಾಗ ಅವಳು ಉರಿದು ಬೀಳುತ್ತಾಳೆ. ಚಿನ್ನದ ನಾಣ್ಯವೊಂದರ ಮೇಲೆ ಅವನ ಡೀಮನ್‌ನ ಹೆಸರನ್ನು ಕೆತ್ತಿ ಅವನ ಬಾಯೊಳಗೆ ಇಡುತ್ತಾಳೆ. ಬೇರ್ಪಡಿಸುವುದು ಎಂದರೆ ಏನೆಂದು ನಮಗೆ ತಿಳಿಯುವುದು ಇಲ್ಲಿ. ಮುಂದೆ ಬೋಲ್ವಾಂಗರ್‌ನ ಕತ್ತರಿಸುವ ಯಂತ್ರದಲ್ಲಿ ಲೈರಾಳನ್ನು ಕೂರಿಸಿದಾಗ ನಮಗೆ ಉಸಿರು ಕಟ್ಟುವುದೂ, ಕೊನೆಗೆ ರೋಜರ್‌ಗೆ ಆಗುವುದನ್ನು ಯಾರೂ ವಿವರಿಸದೆಯೇ ನಾವು ಗ್ರಹಿಸುವುದೂ ಈ ಗುಡಿಸಿಲಿನ ಕಾರಣದಿಂದ. ಚಿತ್ರವು ಟೋನಿಯ ಜಾಗದಲ್ಲಿ ಅಪಹರಣಕ್ಕೊಳಗಾದ ಇನ್ನೊಬ್ಬ ಹುಡುಗ ಬಿಲ್ಲಿ ಕೋಸ್ಟಾನನ್ನು ಇಟ್ಟು, ಅವನನ್ನು ತಾಯಿಯ ತೋಳಿಗೆ ಸೇರಿಸಿ ಮುಂದೆ ಸಾಗುತ್ತದೆ, ಸಾವನ್ನು ತೋರಿಸುವುದಿಲ್ಲ. ಪಾತ್ರವನ್ನು ಬದಲಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ನಮಗೆ ಪರಿಚಿತನಾದ, ತಾಯಿಯಿರುವ ಹುಡುಗನಿಗೆ ಹೀಗಾದರೆ ಹೆಚ್ಚು ತಟ್ಟೀತು ಎಂಬ ಲೆಕ್ಕ ಸರಿಯೇ ಇದೆ. 2019ರಲ್ಲಿ ಆರಂಭವಾದ ಬಿಬಿಸಿ ಮತ್ತು ಎಚ್‌ಬಿಒ ಸರಣಿಯೂ ಬಿಲ್ಲಿಯನ್ನೇ ಆರಿಸಿಕೊಂಡಿತು, ಆದರೆ ಅವನು ಸಾಯುವುದನ್ನು ಉಳಿಸಿಕೊಂಡಿತು. ಒಂದೇ ಬದಲಾವಣೆಯನ್ನು ಎರಡು ಕಡೆ ಮಾಡಿ, ಒಂದರಲ್ಲಿ ಭಾವ ಗಾಢವಾದದ್ದನ್ನೂ ಇನ್ನೊಂದರಲ್ಲಿ ಕರಗಿಹೋದದ್ದನ್ನೂ ಇಲ್ಲಿ ಕಾಣಬಹುದು.

ಚಿತ್ರದ ಯುದ್ಧದೃಶ್ಯಗಳಲ್ಲಿ ಸತ್ತವರ ಡೀಮನ್‌ಗಳು ಹೊನ್ನಿನ ಕಿಡಿಗಳಾಗಿ ಸಿಡಿದು ಮಾಯವಾಗುತ್ತವೆ. ತಾಂತ್ರಿಕವಾಗಿ ಅದು ಅಚ್ಚುಕಟ್ಟಾದ ಕೆಲಸ. ದೃಶ್ಯಪರಿಣಾಮಗಳಿಗಾಗಿ ಈ ಚಿತ್ರಕ್ಕೆ ಆಸ್ಕರ್ ದೊರೆತದ್ದು ನ್ಯಾಯವೇ. ಆದರೆ ಸಾವು ಸುಂದರವಾದಷ್ಟೂ ಹಗುರವಾಗುತ್ತದೆ, ಮತ್ತು ಈ ಕಥೆಗೆ ಹಗುರವಾದ ಸಾವಿನಿಂದ ಉಪಯೋಗವಿಲ್ಲ. ಡೀಮನ್‌ಗಳ ವಿಷಯದಲ್ಲಿ ಚಿತ್ರಕ್ಕೆ ಕೊರತೆಯಾದದ್ದು ಅವುಗಳ ಚರ್ಮ, ರೋಮಗಳಲ್ಲಿ ಅಲ್ಲ, ಅವುಗಳಿಗೆ ಕೊಟ್ಟ ಕೆಲಸದಲ್ಲಿ. ಕಾದಂಬರಿಯಲ್ಲಿ ಇಬ್ಬರು ಮಾತನಾಡುವಾಗ ಅವರ ಡೀಮನ್‌ಗಳ ನಡುವೆ ಇನ್ನೊಂದು ಸಂಭಾಷಣೆ ಮೌನವಾಗಿ ನಡೆಯುತ್ತಿರುತ್ತದೆ. ಮಾತು ಮುಚ್ಚಿಟ್ಟದ್ದನ್ನು ಪ್ರಾಣಿ ಬಿಟ್ಟುಕೊಡುತ್ತದೆ. ಚಿತ್ರದಲ್ಲಿ ಇದು ಪೂರ್ಣವಾಗಿ ಸಿದ್ಧಿಸಿದ್ದು ಬಹುಶಃ ಒಂದೇ ಕಡೆ: ಮಕ್ಕಳ ಅಪಹರಣದ ಹಿಂದಿರುವ, ಲೈರಾಳ ತಾಯಿಯೂ ಆದ ಶ್ರೀಮತಿ ಕೋಲ್ಟರ್ (ನಿಕೋಲ್ ಕಿಡ್ಮನ್) ಸಿಟ್ಟಿನಲ್ಲಿ ತನ್ನದೇ ಡೀಮನ್ ಆದ ಬಂಗಾರದ ಕೋತಿಯ ಕೆನ್ನೆಗೆ ಹೊಡೆದು, ಮರುಕ್ಷಣವೇ ಅದನ್ನು ತಬ್ಬಿಕೊಳ್ಳುವಲ್ಲಿ. ತನ್ನನ್ನು ತಾನೇ ದ್ವೇಷಿಸುವ, ತನ್ನನ್ನು ಬಿಟ್ಟು ಬೇರಾರನ್ನೂ ನಂಬಲಾರದ ಹೆಂಗಸು ಆ ಒಂದು ಚಲನೆಯಲ್ಲಿ ನಮ್ಮೆದುರು ನಿಲ್ಲುತ್ತಾಳೆ. ಯಾವ ವಿವರಣೆಯೂ ಬೇಕಾಗಲಿಲ್ಲ. ಇಂತಹ ನಾಲ್ಕು ದೃಶ್ಯಗಳಿದ್ದಿದ್ದರೆ ನಾನು ಈ ಉತ್ತರವನ್ನು ಬೇರೆ ಧಾಟಿಯಲ್ಲಿ ಬರೆಯುತ್ತಿದ್ದೆ.

ಧರ್ಮದ ಪ್ರಶ್ನೆಗೆ ಈಗ ಉತ್ತರಿಸಬಹುದು. ಕಾದಂಬರಿಯಲ್ಲಿ ದಬ್ಬಾಳಿಕೆ ನಡೆಸುವುದು ಚರ್ಚ್ ಎಂಬುದು ಸ್ಪಷ್ಟ. ಚಿತ್ರದಲ್ಲಿ ಮ್ಯಾಜಿಸ್ಟೀರಿಯಂ ಎಂಬ ಹೆಸರು ಉಳಿದು, ಅದು ಯಾವುದೋ ನಿರಂಕುಶ ಸರ್ಕಾರದಂತೆ ಕಾಣುತ್ತದೆ. ಧರ್ಮವಿರೋಧಿ ಎಂಬ ಹಣೆಪಟ್ಟಿಗೆ ನ್ಯೂ ಲೈನ್ ಸಂಸ್ಥೆ ಅಂಜುತ್ತಿದೆ ಎಂದು ವೈಟ್ಜ್ 2004ರಲ್ಲೇ ಬಹಿರಂಗವಾಗಿ ಹೇಳಿದ್ದರು. ಅದೇ ವರ್ಷದ ಕೊನೆಯಲ್ಲಿ ಅವರು ನಿರ್ದೇಶನದಿಂದ ಹಿಂದೆ ಸರಿದರು; ಆನಂದ್ ಟಕ್ಕರ್ ಬಂದು ಹೋದರು; 2006ರಲ್ಲಿ ವೈಟ್ಜ್ ಮರಳಿದರು. ಇಷ್ಟೆಲ್ಲ ಎಚ್ಚರ ವಹಿಸಿದರೂ ಅಮೆರಿಕದ ಕ್ಯಾಥೊಲಿಕ್ ಲೀಗ್ ಚಿತ್ರವನ್ನು ಬಹಿಷ್ಕರಿಸಲು ಕರೆ ಕೊಟ್ಟೇ ಕೊಟ್ಟಿತು. ಅಂದರೆ ಮೊಟಕುಗೊಳಿಸಿದ್ದರಿಂದ ವಿರೋಧಿಗಳು ಒಲಿಯಲಿಲ್ಲ, ಓದುಗರು ಮುನಿದರು. ಆದರೂ ಇದನ್ನೇ ಮೂಲ ದೋಷವೆಂದು ನಾನು ಹೇಳಲಾರೆ, ಏಕೆಂದರೆ ಮೊದಲ ಸಂಪುಟದಲ್ಲಿ ಧರ್ಮದ ಚರ್ಚೆ ಇರುವುದೇ ಮಿತವಾಗಿ. ಅದರ ಮುಖ್ಯ ಮಾತು ಬರುವುದು 21ನೆಯ ಅಧ್ಯಾಯದಲ್ಲಿ: ಆಸ್ರಿಯೆಲ್ ತಮ್ಮ ಲೋಕದ ಬೈಬಲ್‌ನಿಂದ ಆದಮ್ ಮತ್ತು ಈವ್‌ರ ಕಥೆಯನ್ನು ಓದಿ ಹೇಳಿ, ಡಸ್ಟ್ ಎಂಬುದನ್ನು ಚರ್ಚ್ ಮೂಲಪಾಪದ ಭೌತಿಕ ಸಾಕ್ಷಿಯೆಂದು ನಂಬುತ್ತದೆಂದೂ, ಮಕ್ಕಳನ್ನು ಪ್ರಾಯಕ್ಕೆ ಬರುವ ಮುನ್ನ ಕತ್ತರಿಸುವುದು ಅದಕ್ಕಾಗಿಯೇ ಎಂದೂ ಲೈರಾಗೆ ಬಿಡಿಸಿ ಹೇಳುತ್ತಾನೆ. ಆ ಅಧ್ಯಾಯವೂ ಕತ್ತರಿಸಿದ ಮೂರರಲ್ಲಿ ಒಂದು. ಚಿತ್ರದಲ್ಲಿ ಶ್ರೀಮತಿ ಕೋಲ್ಟರ್ ಪೂರ್ವಜರು ಮಾಡಿದ ತಪ್ಪೊಂದರ ಬಗ್ಗೆ ಕೆಲವು ಮಾತುಗಳನ್ನಾಡುತ್ತಾಳೆ. ಇಷ್ಟು ದೊಡ್ಡ ಕ್ರೌರ್ಯಕ್ಕೆ ಅಷ್ಟು ಕಾರಣ ಸಾಲದು. ದುಷ್ಟರು ಏಕೆ ದುಷ್ಟರಾಗಿದ್ದಾರೆಂದು ತಿಳಿಯದಿದ್ದಾಗ ಅವರು ಭಯ ಹುಟ್ಟಿಸುವುದಿಲ್ಲ. ಕೊನೆಯನ್ನು ಉಳಿಸಿಕೊಂಡಿದ್ದರೆ ಈ ಕೊರತೆಯೂ ಬಹುಪಾಲು ನೀಗುತ್ತಿತ್ತು.

ಕಾಲಾವಧಿಯ ಬಗ್ಗೆ ನಿಮ್ಮ ಊಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸುಮಾರು 400 ಪುಟಗಳ ಕಾದಂಬರಿಗೆ 113 ನಿಮಿಷ ಕಡಿಮೆಯೇ. ಒಂದೊಂದು ಸ್ಥಳದಲ್ಲಿಯೂ ಚಿತ್ರ ನಿಲ್ಲದೆ ಓಡುತ್ತದೆ, ಲೈರಾಳಿಗೆ ನೆರವಾಗುವ ಅಲೆಮಾರಿ ಜನರಾದ ಜಿಪ್ಷಿಯನ್ನರ ದೋಣಿಬದುಕು ಮಿಂಚಿ ಮರೆಯಾಗುತ್ತದೆ. ಆದರೆ ಹೆಚ್ಚು ಸಮಯ ಸಿಕ್ಕರೆ ಎಲ್ಲವೂ ಸರಿಹೋಗುವುದಿಲ್ಲ. ಆಗಲೇ ಹೇಳಿದ ದೂರದರ್ಶನ ಸರಣಿಗೆ ಇದೇ ಕಾದಂಬರಿಗಾಗಿ ಎಂಟು ಕಂತುಗಳು ದೊರೆತವು. ಅದು ರೋಜರ್‌ನ ಸಾವನ್ನು ಸರಿಯಾದ ಜಾಗದಲ್ಲಿಟ್ಟಿತು, ಅದಕ್ಕಾಗಿ ನಾನು ಅದನ್ನು ಗೌರವಿಸುತ್ತೇನೆ. ಆದರೆ ಎರಡನೆಯ ಸಂಪುಟದ ನಾಯಕ ವಿಲ್‌ನನ್ನೂ ನಮ್ಮ ಲೋಕವನ್ನೂ ಮೊದಲ ಸರಣಿಗೇ ಎಳೆದುತಂದು, ಆಕಾಶದ ಸೇತುವೆ ತೆರೆದಾಗ ಆಗಬೇಕಿದ್ದ ವಿಸ್ಮಯವನ್ನು ತಾನೂ ಕಳೆದುಕೊಂಡಿತು. ಇನ್ನೊಂದೆಡೆ, 2003ರ ಕೊನೆಯಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಮೂರೂ ಸಂಪುಟಗಳನ್ನು ಎರಡು ನಾಟಕಗಳಾಗಿ ರಂಗಕ್ಕೆ ತಂದಾಗ ಡೀಮನ್‌ಗಳನ್ನು ಗೊಂಬೆಗಳಿಂದಲೇ ಆಡಿಸಿತು. ಸಾಧನಗಳು ಎಷ್ಟಿವೆ ಎಂಬುದಕ್ಕಿಂತ ಕಥೆಯಲ್ಲಿ ಯಾವುದನ್ನು ಬಿಟ್ಟುಕೊಡಬಾರದು ಎಂಬ ತಿಳಿವು ಮುಖ್ಯ. 113 ನಿಮಿಷಗಳಲ್ಲಿಯೂ ಆ ಆರಂಭದ ಉಪನ್ಯಾಸವನ್ನು ಬಿಟ್ಟು, ಯುದ್ಧವನ್ನು ಕುಗ್ಗಿಸಿ, ಆಸ್ರಿಯೆಲ್‌ನ ಬಾಗಿಲಿನವರೆಗೆ ಹೋಗುವಷ್ಟು ಜಾಗವಿತ್ತೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ನಟರ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಡಕೋಟಾ ಬ್ಲೂ ರಿಚರ್ಡ್ಸ್‌ಳ ಲೈರಾಗೆ ಹಟವೂ ಕೊಳಕೂ ಚುರುಕೂ ಇವೆ. ಕೊನೆಯ ದೃಶ್ಯದ ಭಾರವನ್ನು ಆ ಹುಡುಗಿ ಹೊರಬಲ್ಲವಳಾಗಿದ್ದಳು, ಹೊರುವ ಅವಕಾಶವನ್ನು ಅವಳಿಂದ ಕಸಿಯಲಾಯಿತು. ಡೇನಿಯಲ್ ಕ್ರೇಗ್‌ರ ಆಸ್ರಿಯೆಲ್ ಅಂತೂ ಬಂದು ಹೋಗುವ ಅತಿಥಿ. ಅವನ ನಿಜವಾದ ಮುಖವನ್ನು ನೋಡುಗರು ಕಾಣಲೇ ಇಲ್ಲ.

ಮಗಳಿಗೆ ಕಾದಂಬರಿಯನ್ನೇ ಮೊದಲು ಕೊಡಿ. ಆ ವಯಸ್ಸಿಗೆ ರೋಜರ್‌ನ ಸಾವು ಕಠಿಣವಾದೀತೆಂಬ ಅಂಜಿಕೆ ನಿಮಗಿದ್ದರೆ, ಕೊನೆಯ ಮೂರು ಅಧ್ಯಾಯಗಳನ್ನು ಅವಳೊಡನೆ ಕುಳಿತು ಓದಿ, ಆದರೆ ಬಿಡಿಸಬೇಡಿ. ಲೈರಾಳೂ ಸುಮಾರು ಅದೇ ವಯಸ್ಸಿನವಳು, ಮತ್ತು ಪುಲ್‌ಮನ್ ಮಕ್ಕಳಿಗೆಂದೇ ಬರೆದಾಗಲೂ ಅವರಿಂದ ಏನನ್ನೂ ಮರೆಮಾಡಲಿಲ್ಲ. ಚಿತ್ರವನ್ನು ಆಮೇಲೆ ನೋಡಲಿ. ಕಿಡ್ಮನ್ ಮತ್ತು ಕೋತಿಯ ದೃಶ್ಯಕ್ಕಾಗಿಯೂ ಕರಡಿಗಳ ಕಾಳಗಕ್ಕಾಗಿಯೂ ಅದು ನೋಡಲು ಯೋಗ್ಯವಾಗಿದೆ. ಮೊದಲು ಚಿತ್ರ ನೋಡಿದರೆ ಮಾತ್ರ ಡಸ್ಟ್ ಎಂದರೇನು, ಲೋಕಗಳು ಎಷ್ಟು, ಡೀಮನ್ ಏಕೆ ಎಂಬುದೆಲ್ಲ ಅವಳಿಗೆ ಮುಂಚೆಯೇ ಗೊತ್ತಾಗಿರುತ್ತದೆ; ಭೋಜನಶಾಲೆಯ ಕತ್ತಲಲ್ಲಿ ಲೈರಾಳೊಂದಿಗೆ ಏನೂ ಗೊತ್ತಿಲ್ಲದೆ ಕಾಲಿಡುವ ಅವಕಾಶ ಮತ್ತೆ ಸಿಗುವುದಿಲ್ಲ.